ಆರ್ಗನ್ ವಾದಕ ಕಂಡ ಜೋಡಿ ತಾರೆಗಳು

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಾತ್ ಎಂಬುದು ಸಿರಿವಂತರ ಪಟ್ಟಣವಾಗಿತ್ತು. ಅಲ್ಲಿನ ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದು ಆರೋಗ್ಯ ಸುಧಾರಿಸಿಕೊಳ್ಳಲು ಬರುತ್ತಿದ್ದ ಗಣ್ಯರು ಭಾನುವಾರ ಆಕ್ಟಗನ್ ಚಾಪೆಲ್ ಎಂಬ ಪ್ರಾರ್ಥನಾಲಯಕ್ಕೆ ಹೋದರೆ, ಅಲ್ಲಿ ಆರ್ಗನ್ ನುಡಿಸುತ್ತಿದ್ದವನು ಜರ್ಮನಿಯಿಂದ ಬಂದು ನೆಲೆಸಿದ ಒಬ್ಬ ಸಂಗೀತಗಾರ. ಹಗಲೆಲ್ಲ ಪಾಠ ಹೇಳುವುದು, ಗಾಯನವೃಂದವನ್ನು ತಿದ್ದುವುದು, ಸಂಗೀತ ಕಛೇರಿಗಳನ್ನು ನಡೆಸುವುದು ಆತನ ವೃತ್ತಿ. ರಾತ್ರಿಯಾದೊಡನೆ ಆತ ಮನೆಯ ಹಿತ್ತಿಲಿಗೆ ಬಂದು ತಾನೇ ಕೈಯಾರೆ ಉಜ್ಜಿ ಮಾಡಿದ ದರ್ಪಣದ ದೂರದರ್ಶಕಕ್ಕೆ ಕಣ್ಣಿಡುತ್ತಿದ್ದ. ಆತನ ಹೆಸರು ವಿಲಿಯಂ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದವನೆಂದು ಶಾಲೆಯ ಪಠ್ಯಪುಸ್ತಕಗಳಲ್ಲಿ ಓದಿದ ಹೆಸರು ಇದು. ಆದರೆ ಯುರೇನಸ್ ಆತನಿಗೆ ಬೇರೊಂದನ್ನು ಹುಡುಕುತ್ತಿದ್ದಾಗ ಸಿಕ್ಕ ವಸ್ತು. ಆತ ನಿಜವಾಗಿ ಹುಡುಕುತ್ತಿದ್ದುದು ಜೋಡಿ ನಕ್ಷತ್ರಗಳನ್ನು. ಆ ಹುಡುಕಾಟವೂ, ಆತನೇ ಹೆಸರಿಟ್ಟ ಗ್ರಹರೂಪಿ ನೀಹಾರಿಕೆಗಳೂ ಒಂದಕ್ಕೊಂದು ಹೇಗೆ ನಂಟಾಗಿದ್ದವೆಂಬುದು ತಿಳಿಯಲು ಆತ ತೀರಿಕೊಂಡು ನೂರೈವತ್ತು ವರ್ಷಗಳೇ ಕಳೆಯಬೇಕಾಯಿತು.

ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಹ್ಯಾನೋವರಿನಲ್ಲಿ. ತಂದೆ ಐಸಾಕ್ ಸೈನ್ಯದ ವಾದ್ಯವೃಂದದಲ್ಲಿ ಓಬೋ ಊದುವವನು. ಮನೆ ತುಂಬ ಮಕ್ಕಳು, ಸಂಬಳ ಕಡಿಮೆ. ಹದಿನಾಲ್ಕರ ಪ್ರಾಯದಲ್ಲಿಯೇ ವಿಲಿಯಂ ಕೂಡ ಅದೇ ವೃಂದಕ್ಕೆ ಸೇರಿದ. 1757ರಲ್ಲಿ ಹಾಸ್ಟೆನ್‌ಬೆಕ್ ಎಂಬಲ್ಲಿ ಹ್ಯಾನೋವರಿನ ಪಡೆ ಫ್ರೆಂಚರ ಕೈಯಲ್ಲಿ ಸೋತಿತು. ಅದೇ ವರ್ಷದ ಕೊನೆಗೆ ಹತ್ತೊಂಬತ್ತರ ತರುಣ ಅಣ್ಣನೊಡನೆ ಇಂಗ್ಲೆಂಡಿಗೆ ಬಂದಿಳಿದ. ಸಂಗೀತದ ಹಸ್ತಪ್ರತಿಗಳನ್ನು ನಕಲು ಮಾಡಿ ಹೊಟ್ಟೆ ಹೊರೆದ. ಉತ್ತರದ ಪಟ್ಟಣಗಳಲ್ಲಿ ಹಲವು ವರ್ಷ ಅಲೆದು, 24 ಸ್ವರಮೇಳಗಳನ್ನು ರಚಿಸಿ, 1766ರಲ್ಲಿ ಬಾತ್ ಸೇರಿದ.

ಆತನ ತಂಗಿ ಕಾರೊಲಿನ್‌ಳ ಕಥೆಯನ್ನು ಬಿಟ್ಟು ಈತನ ಕಥೆ ಹೇಳಲಾಗದು. ಹತ್ತು ವರ್ಷದವಳಿದ್ದಾಗ ಬಂದ ವಿಷಮ ಜ್ವರದಿಂದ ಆಕೆಯ ಬೆಳವಣಿಗೆ ಕುಂಠಿತವಾಗಿ, ಎತ್ತರ ನಾಲ್ಕೂಕಾಲು ಅಡಿಗೆ ನಿಂತುಬಿಟ್ಟಿತ್ತು. ಈ ಹುಡುಗಿಗೆ ಮದುವೆಯಾಗದು, ಓದು ಬೇಕಿಲ್ಲ, ಮನೆಗೆಲಸ ಮಾಡಿಕೊಂಡಿರಲಿ ಎಂದು ತಾಯಿ ತೀರ್ಮಾನಿಸಿದ್ದಳು. 1772ರಲ್ಲಿ ಅಣ್ಣ ಊರಿಗೆ ಬಂದು, ತಂಗಿಯ ಬದಲಿಗೆ ಆಳಿಟ್ಟುಕೊಳ್ಳಲು ತಾಯಿಗೆ ಹಣ ಗೊತ್ತುಮಾಡಿ, ಆಕೆಯನ್ನು ಬಾತ್‌ಗೆ ಕರೆತಂದ. ಗಾಯಕಿಯಾಗಿ ತರಬೇತಿ ಕೊಟ್ಟ. ಆಕೆಗೆ ಹೆಸರೂ ಬರತೊಡಗಿತ್ತು. ಆದರೆ ಅಷ್ಟರಲ್ಲಿ ಅಣ್ಣನಿಗೆ ಆಕಾಶದ ಹುಚ್ಚು ಹಿಡಿಯಿತು.

1773ರಲ್ಲಿ ಆತ ಖಗೋಳದ ಪುಸ್ತಕವನ್ನು ಕೊಂಡ. ಒಳ್ಳೆಯ ದೂರದರ್ಶಕದ ಬೆಲೆ ಕೈಗೆಟುಕದೆಂದು ತಿಳಿದಾಗ ತಾನೇ ಮಾಡಲು ಹೊರಟ. ಆ ಕಾಲದ ದರ್ಪಣಗಳು ಗಾಜಿನವಲ್ಲ. ತಾಮ್ರ, ತವರಗಳನ್ನು ಬೆರೆಸಿ ಎರಕ ಹೊಯ್ದು, ತಿಂಗಳುಗಟ್ಟಲೆ ಉಜ್ಜಿ ನಯಗೊಳಿಸಬೇಕಾದವು. ಕೊನೆಯ ಹಂತದಲ್ಲಿ ಕೈ ತೆಗೆದರೆ ಮೈ ಕೆಡುತ್ತದೆಂದು ಹರ್ಷೆಲ್ ಒಮ್ಮೆ ಹದಿನಾರು ಗಂಟೆ ಕಾಲ ಕೈಯೆತ್ತದೆ ಉಜ್ಜಿದನಂತೆ. ಕಾರೊಲಿನ್ ಪಕ್ಕದಲ್ಲಿ ಕುಳಿತು ತುತ್ತು ಬಾಯಿಗಿಟ್ಟಳು. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿಯ ಮಣ್ಣನ್ನು ಕುಟ್ಟಿ ಜರಡಿ ಹಿಡಿಯುವ ಕೆಲಸವೂ ಆಕೆಯದೇ. 1781ರಲ್ಲಿ ದೊಡ್ಡ ದರ್ಪಣವೊಂದನ್ನು ಮನೆಯ ನೆಲಮಾಳಿಗೆಯಲ್ಲಿ ಎರಕ ಹೊಯ್ಯುವಾಗ ಅಚ್ಚು ಸೋರಿ, ಕಾದ ಲೋಹ ಹರಿದು ನೆಲದ ಕಲ್ಲುಗಳು ಸಿಡಿದವು. ಎಲ್ಲರೂ ಪ್ರಾಣ ಉಳಿಸಿಕೊಂಡು ಹೊರಗೋಡಿದರು. ಹಾಡುಗಾರಿಕೆಯ ಪಾಡೇನಾಯಿತೆಂದು ವಾಚಕರು ಕೇಳಬಹುದು. ಕಾರೊಲಿನ್ ಅದನ್ನು ಬಿಟ್ಟುಕೊಟ್ಟಳು. ಅಣ್ಣನಿಗಾಗಿ ಬಿಟ್ಟಳೆಂದು ಎಲ್ಲರೂ ಬರೆಯುತ್ತಾರೆ. ಆಕೆಗೆ ಬೇರೆ ಆಯ್ಕೆಯನ್ನು ಯಾರೂ ಇಟ್ಟಿರಲಿಲ್ಲವೆಂಬುದನ್ನೂ ನಾವು ಸೇರಿಸಬೇಕು.

ಜೋಡಿ ನಕ್ಷತ್ರಗಳನ್ನೇ ಹರ್ಷೆಲ್ ಏಕೆ ಬೆನ್ನು ಹತ್ತಿದ? ಅದಕ್ಕೆ ಹಳೆಯದೊಂದು ಸಮಸ್ಯೆ ಕಾರಣ. ಭೂಮಿ ಸೂರ್ಯನನ್ನು ಸುತ್ತುವುದಾದರೆ, ಹತ್ತಿರದ ನಕ್ಷತ್ರವು ದೂರದ ನಕ್ಷತ್ರಗಳೆದುರು ವರ್ಷದುದ್ದಕ್ಕೂ ಕಿಂಚಿತ್ತಾದರೂ ಅತ್ತಿತ್ತ ಸರಿದಂತೆ ಕಾಣಬೇಕು. ಆ ಸರಿತವನ್ನು ಅಳೆದರೆ ನಕ್ಷತ್ರದ ದೂರ ಸಿಗುತ್ತದೆ. ಒಂದೇ ಗೆರೆಯಲ್ಲಿ ಹಿಂದು ಮುಂದಾಗಿ ಬಿದ್ದು, ಅಂಟಿಕೊಂಡಂತೆ ತೋರುವ ಎರಡು ನಕ್ಷತ್ರಗಳು ಇದಕ್ಕೆ ಅನುಕೂಲವೆಂದು ಗೆಲಿಲಿಯೋ ಬಹಳ ಹಿಂದೆಯೇ ಸೂಚಿಸಿದ್ದ. ಹರ್ಷೆಲ್‌ನ ಲೆಕ್ಕವೂ ಅದೇ. ಜೋಡಿ ಎಂಬುದು ಕಣ್ಣಿನ ಭ್ರಮೆ. ಒಂದು ಹತ್ತಿರ, ಇನ್ನೊಂದು ಬಹುದೂರ ಎಂದು ಆತ ನಂಬಿದ್ದ. 1782ರಲ್ಲಿ 269 ಜೋಡಿಗಳ ಪಟ್ಟಿಯನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ. ಮೂರು ವರ್ಷಗಳಲ್ಲಿ ಇನ್ನೂ 434 ಸೇರಿದವು. ಹೀಗೆ ಜೋಡಿಗಳನ್ನು ಹೆಕ್ಕುತ್ತಿದ್ದಾಗಲೇ 1781ರ ಮಾರ್ಚ್ 13ರ ರಾತ್ರಿ, ಚುಕ್ಕೆಯಾಗಿರದೆ ಸಣ್ಣ ಬಿಲ್ಲೆಯಂತೆ ತೋರಿದ ವಸ್ತುವೊಂದು ಕಂಡಿತು. ಧೂಮಕೇತುವೆಂದು ವರದಿ ಮಾಡಿದ. ಗಣಿತಜ್ಞರು ಲೆಕ್ಕಹಾಕಿ ಅದು ಶನಿಯಾಚೆಯ ಗ್ರಹವೆಂದು ನಿರ್ಧರಿಸಿದರು. ಅನಾದಿಕಾಲದಿಂದ ತಿಳಿದಿದ್ದ ಗ್ರಹಗಳ ಸಾಲಿಗೆ ಹೊಸದೊಂದು ಸೇರಿತು. (ಅದೇ ಯುರೇನಸ್ಸಿನ ಸುತ್ತ ಉಂಗುರಗಳಿವೆಯೆಂಬ ಕುರುಹನ್ನು 1977ರಲ್ಲಿ ದಾಖಲಿಸಿದ ತಾಣಗಳಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿದ ಕಾವಲೂರು ವೀಕ್ಷಣಾಲಯವೂ ಒಂದು.)

ರಾಜ ಮೂರನೆಯ ಜಾರ್ಜ್ ವರ್ಷಕ್ಕೆ 200 ಪೌಂಡುಗಳ ವೇತನ ಗೊತ್ತುಮಾಡಿದ. ಸಂಗೀತದಿಂದ ಬರುತ್ತಿದ್ದುದಕ್ಕಿಂತ ಅದು ಕಡಿಮೆ. ಆದರೂ ಹರ್ಷೆಲ್ ಬಾತ್ ಬಿಟ್ಟು ವಿಂಡ್ಸರ್ ಅರಮನೆಯ ಬಳಿ ಡ್ಯಾಚೆಟ್ ಎಂಬ ಹಳ್ಳಿಗೂ, 1786ರಲ್ಲಿ ಸ್ಲೌ ಪಟ್ಟಣಕ್ಕೂ ಬಂದ. ಕೊರತೆ ತುಂಬಲು ದೂರದರ್ಶಕಗಳನ್ನು ಮಾಡಿ ಮಾರಿದ.

ಇಲ್ಲಿ ನಾವು ಸ್ವಲ್ಪ ಹಿಂದೆ ಸರಿದು, ಮ್ಯಾನ್‌ಹೈಮ್ ನಗರದ ಒಬ್ಬ ಯೇಸುಸಭೆಯ ಗುರುವನ್ನು ನೆನೆಯಬೇಕು. ವಂದನೀಯ ಕ್ರಿಸ್ತಿಯಾನ್ ಮಾಯರ್ ಅಲ್ಲಿನ ಅರಸನ ಆಸ್ಥಾನ ಖಗೋಳಜ್ಞರಾಗಿದ್ದರು. 1773ರಲ್ಲಿ ಯೇಸುಸಭೆಯೇ ರದ್ದಾದ ಸಂಕಟದ ಕಾಲ ಅದು. ಮಾಯರ್ ಅವರು ನಗರದ ವೀಕ್ಷಣಾಲಯದಲ್ಲಿ ಕೆಲಸ ಮುಂದುವರಿಸಿ, ಕೆಲವು ನಕ್ಷತ್ರಗಳ ಪಕ್ಕದಲ್ಲಿ ಕಾಣುವ ಮಂಕು ನಕ್ಷತ್ರಗಳು ನಿಜವಾಗಿಯೂ ಅವುಗಳ ಸಂಗಾತಿಗಳೇ ಎಂದು 1770ರ ದಶಕದ ಕೊನೆಯಲ್ಲಿ ಸಾರಿದರು. ಸುಮಾರು 80 ಜೋಡಿಗಳ ಪಟ್ಟಿಯನ್ನೂ ಕೊಟ್ಟರು. ಪ್ರತಿಕ್ರಿಯೆ ಕಟುವಾಗಿತ್ತು. ನಕ್ಷತ್ರಕ್ಕೆ ಉಪಗ್ರಹವೇ ಎಂದು ನಕ್ಕವರಲ್ಲಿ ವಿಯೆನ್ನಾದ ಪ್ರಸಿದ್ಧ ಖಗೋಳಜ್ಞ, ಅವರದೇ ಸಭೆಯ ಗುರು ಮ್ಯಾಕ್ಸಿಮಿಲಿಯನ್ ಹೆಲ್ ಅವರೂ ಇದ್ದರು. ಇಂಗ್ಲೆಂಡಿನಲ್ಲಿ ಜಾನ್ ಮಿಚೆಲ್ ಎಂಬ ಆಂಗ್ಲಿಕನ್ ಪಾದ್ರಿಯೂ 1767ರಲ್ಲೇ ಸಂಭಾವ್ಯತೆಯ ಲೆಕ್ಕದಿಂದ ಇದೇ ಅಭಿಪ್ರಾಯಕ್ಕೆ ಬಂದಿದ್ದ. ಹರ್ಷೆಲ್ ಮಾತ್ರ ಇಂಥ ಸಿದ್ಧಾಂತಕ್ಕೆ ಕಾಲ ಇನ್ನೂ ಬಂದಿಲ್ಲವೆಂಬ ನಿಲುವಿನವನು. ಮಾಯರ್ ಅವರು 1783ರಲ್ಲಿ ತೀರಿಕೊಂಡರು. ಅವರ ಊಹೆಯ ಮುಖ್ಯಾಂಶ ನಿಜವಾದುದನ್ನು ನೋಡಲು ಅವರಿರಲಿಲ್ಲ.

ಡ್ಯಾಚೆಟ್‌ನಲ್ಲಿ ಹರ್ಷೆಲ್ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಗುಡಿಸುವಂತೆ ಶೋಧಿಸತೊಡಗಿದ. ಇಪ್ಪತ್ತು ಅಡಿ ಉದ್ದದ ದೂರದರ್ಶಕದ ಬಾಯಿಯ ಬಳಿ, ಎತ್ತರದ ಅಟ್ಟಣೆಯ ಮೇಲೆ ಅಣ್ಣ; ಕೆಳಗೆ ಗಡಿಯಾರ, ದೀಪ, ನಕ್ಷತ್ರಪಟ್ಟಿಗಳೊಡನೆ ತಂಗಿ. ಆತ ಕಂಡುದನ್ನು ಕೂಗಿ ಹೇಳುವುದು, ಆಕೆ ವೇಳೆ ಸಹಿತ ಬರೆದುಕೊಳ್ಳುವುದು. 1783ರ ಡಿಸೆಂಬರ್ 31ರ ರಾತ್ರಿ, ಕರಗುತ್ತಿದ್ದ ಹಿಮದಲ್ಲಿ ಓಡುವಾಗ ಕಾರೊಲಿನ್ ಜಾರಿಬಿದ್ದು, ಯಂತ್ರದ ಕಬ್ಬಿಣದ ಕೊಕ್ಕೆ ಮೊಣಕಾಲಿನ ಮೇಲೆ ತೊಡೆಗೆ ಚುಚ್ಚಿಕೊಂಡಿತು. ಮಾಂಸ ಕಿತ್ತು ಬಂದ ಆ ಗಾಯಕ್ಕೆ ತಾನೇ ಪಟ್ಟಿ ಕಟ್ಟಿಕೊಂಡಳು. ಆ ರಾತ್ರಿ ಮೋಡ ಕವಿದಿದ್ದರಿಂದ ಅಣ್ಣನ ಕೆಲಸಕ್ಕೆ ನಷ್ಟವಾಗಲಿಲ್ಲವೆಂಬುದೇ ಆಕೆಗಿದ್ದ ಸಮಾಧಾನ. 1786ರಲ್ಲಿ ಆಕೆ ಸ್ವಂತವಾಗಿ ಧೂಮಕೇತುವೊಂದನ್ನು ಕಂಡುಹಿಡಿದಳು. ಮುಂದೆ ಒಟ್ಟು ಎಂಟಾದವು. 1787ರಿಂದ ಅರಸನ ಬೊಕ್ಕಸದಿಂದ ಆಕೆಗೂ ವರ್ಷಕ್ಕೆ 50 ಪೌಂಡು ಬರತೊಡಗಿತು. ವಯಸ್ಸು ಮೂವತ್ತೇಳು, ತನ್ನದೆಂದು ಹೇಳಿಕೊಳ್ಳಬಹುದಾದ ಮೊದಲ ಹಣ ಅದು.

ಪಲೆರ್ಮೊದ ಖಗೋಳಜ್ಞ, ತಿಯಾಟಿನ್ ಸಭೆಯ ಗುರು ಜೂಸೆಪ್ಪೆ ಪಿಯಾಜ್ಜಿ ಅವರು 1780ರ ದಶಕದ ಕೊನೆಯಲ್ಲಿ ಇಲ್ಲಿಗೆ ಬಂದು, ಕತ್ತಲೆಯಲ್ಲಿ ದೂರದರ್ಶಕದ ಏಣಿಯಿಂದ ಬಿದ್ದು ತೋಳು ಮುರಿದುಕೊಂಡ ಸಂಗತಿ ಖಗೋಳ ಚರಿತ್ರೆಯಲ್ಲಿ ಪ್ರಸಿದ್ಧ. 1801ರ ಹೊಸವರ್ಷದ ದಿನ ಸೀರಿಸ್ ಎಂಬ ಮೊದಲ ಕ್ಷುದ್ರಗ್ರಹವನ್ನು ಕಂಡವರು ಇವರೇ.

ಈ ಶೋಧನೆಯಲ್ಲಿ ದೊರೆತವು ನೀಹಾರಿಕೆಗಳು, ಅಂದರೆ ಮಂಜಿನ ತುಣುಕಿನಂತೆ ಮಸುಕಾಗಿ ಹೊಳೆಯುವ ವಸ್ತುಗಳು. ಮೂರು ಪಟ್ಟಿಗಳಲ್ಲಿ, 1786, 1789 ಮತ್ತು 1802ರಲ್ಲಿ, ಹರ್ಷೆಲ್ 2,500 ನೀಹಾರಿಕೆ ಮತ್ತು ನಕ್ಷತ್ರಗುಚ್ಛಗಳನ್ನು ದಾಖಲಿಸಿದ. ಅವುಗಳಲ್ಲಿ ಕೆಲವು ಬೇರೆಯವುಗಳಂತೆ ಇರಲಿಲ್ಲ. 1782ರ ಸೆಪ್ಟೆಂಬರ್ 7ರಂದು ಕುಂಭರಾಶಿಯಲ್ಲಿ ಕಂಡ ಒಂದು ನೀಹಾರಿಕೆ ಅಂಚು ಸ್ಪಷ್ಟವಾಗಿದ್ದು, ಸಮನಾದ ಬೆಳಕಿನಿಂದ ಕೂಡಿ, ಥೇಟು ಗ್ರಹದ ಬಿಲ್ಲೆಯಂತಿತ್ತು. ತಾನೇ ಕಂಡುಹಿಡಿದ ಯುರೇನಸ್ಸಿನ ನೋಟ ಆತನ ಕಣ್ಣಲ್ಲಿ ಇನ್ನೂ ಇದ್ದಿರಬೇಕು. ಇಂಥವಕ್ಕೆ 1785ರ ಪ್ರಬಂಧದಲ್ಲಿ ಗ್ರಹರೂಪಿ ನೀಹಾರಿಕೆ ಎಂಬ ಹೆಸರಿಟ್ಟ. ಗ್ರಹಗಳಿಗೂ ಅವಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಹೆಸರು ಉಳಿದುಕೊಂಡಿತು. ಇಂದಿಗೂ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸುತ್ತಿದೆ.

ಆಗ ಹರ್ಷೆಲ್‌ಗೆ ಒಂದು ದೃಢವಾದ ನಂಬಿಕೆಯಿತ್ತು. ಚಿಕ್ಕ ದೂರದರ್ಶಕದಲ್ಲಿ ಮಂಜಿನಂತೆ ಕಂಡ ಎಷ್ಟೋ ವಸ್ತುಗಳು ತನ್ನ ದೊಡ್ಡ ದರ್ಪಣದಲ್ಲಿ ಸಾವಿರಾರು ನಕ್ಷತ್ರಗಳಾಗಿ ಒಡೆದು ಕಂಡಿದ್ದವು. ಆದ್ದರಿಂದ ಎಲ್ಲ ನೀಹಾರಿಕೆಗಳೂ ದೂರದ ನಕ್ಷತ್ರಗುಚ್ಛಗಳೇ. ಒಡೆಯದಿದ್ದರೆ ಅದು ದೂರದರ್ಶಕದ ಕೊರತೆ ಎಂದು ಆತ ತರ್ಕಿಸಿದ. ಈ ನಂಬಿಕೆಯ ಬೆನ್ನಿಗೇ 40 ಅಡಿ ಉದ್ದದ, ನಾಲ್ಕಡಿ ಅಗಲದ ದರ್ಪಣವುಳ್ಳ ಮಹಾಯಂತ್ರವೂ 1789ರಲ್ಲಿ ಸಿದ್ಧವಾಯಿತು. ಅರಸ ಅದಕ್ಕೆ 4,000 ಪೌಂಡು ಕೊಟ್ಟಿದ್ದ. ಗ್ರಹರೂಪಿ ನೀಹಾರಿಕೆಗಳೆಂದರೆ ಗುರುತ್ವದಿಂದ ಒತ್ತೊತ್ತಾಗಿ ಸೇರಿದ, ಮುಪ್ಪಡರಿ ಅಳಿವಿನತ್ತ ಸಾಗುತ್ತಿರುವ ಗುಚ್ಛಗಳಿರಬಹುದೆಂದು ಅದೇ ವರ್ಷ ಆತ ಊಹಿಸಿದ. ಮುಪ್ಪು ಎಂಬ ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮರುವರ್ಷ, 1790ರ ನವೆಂಬರ್ 13ರ ರಾತ್ರಿ, ವೃಷಭರಾಶಿಯ ಉತ್ತರದ ಅಂಚಿನಲ್ಲಿ ಆತನ ಕಣ್ಣಿಗೆ ಒಂದು ಸಾಮಾನ್ಯ ನಕ್ಷತ್ರ ಬಿತ್ತು. ಅದರ ಸುತ್ತ ದುಂಡನೆಯ, ತೆಳುವಾದ ಬೆಳಕಿನ ಪ್ರಭೆ. ನಕ್ಷತ್ರವಿರುವುದು ಸರಿಯಾಗಿ ನಟ್ಟನಡುವೆ. ಯಾವುದೋ ನಕ್ಷತ್ರ ಯಾವುದೋ ನೀಹಾರಿಕೆಯ ಮುಂದೆ ಆಕಸ್ಮಿಕವಾಗಿ ಬಿದ್ದಿದೆಯೆನ್ನಲು ಸಾಧ್ಯವಿರಲಿಲ್ಲ. ಎರಡೂ ಒಂದಕ್ಕೊಂದು ಸೇರಿದವು. ಹಾಗಾದರೆ ಆ ಪ್ರಭೆ ಏನು? ಅದು ಬಿಡಿಬಿಡಿಯಾಗಿ ಕಾಣದಷ್ಟು ದೂರದ ನಕ್ಷತ್ರಗಳ ಗುಂಪಾದರೆ, ನಡುವಿನದು ಅಷ್ಟೇ ದೂರದಿಂದ ಇಷ್ಟು ಹೊಳೆಯಬೇಕಾದರೆ ಊಹಿಸಲಾಗದಷ್ಟು ದೈತ್ಯವಾಗಿರಬೇಕು. ನಡುವಿನದು ಸಾಮಾನ್ಯ ನಕ್ಷತ್ರವಾದರೆ, ಸುತ್ತಲಿನವು ನಕ್ಷತ್ರವೆಂಬ ಹೆಸರಿಗೇ ಸಲ್ಲದಷ್ಟು ಕಿರಿದಾಗಿರಬೇಕು. ಎರಡೂ ಒಪ್ಪತಕ್ಕ ಮಾತಲ್ಲ. ಉಳಿದುದು ಒಂದೇ ದಾರಿ: ಆ ಬೆಳಕು ನಕ್ಷತ್ರಗಳದಲ್ಲ, ತಾನಾಗಿ ಹೊಳೆಯುವ ಯಾವುದೋ ತೆಳು ದ್ರವ್ಯದ್ದು.

ಇದು ಸಣ್ಣ ಸಂಗತಿಯಲ್ಲ. ಐವತ್ತೆರಡರ ಆ ವಯಸ್ಸಿನಲ್ಲಿ ಕೀರ್ತಿಯೂ, ಅರಸನ ಹಣವೂ, ಲೋಕದ ಅತಿದೊಡ್ಡ ದೂರದರ್ಶಕವೂ ನಿಂತಿದ್ದುದು ನೀಹಾರಿಕೆಗಳೆಲ್ಲ ಒಡೆಯುತ್ತವೆಂಬ ವಾದದ ಮೇಲೆ. ಆ ವಾದವನ್ನು ಬೇರೆ ಯಾರೂ ಪ್ರಶ್ನಿಸಿರಲಿಲ್ಲ. ಪ್ರಶ್ನಿಸುವಂಥ ದರ್ಪಣ ಬೇರೆಯವರ ಬಳಿ ಇರಲೂ ಇಲ್ಲ. ಒಂದು ರಾತ್ರಿ ಕಂಡ ಒಂದು ನಕ್ಷತ್ರವನ್ನು ಅಪವಾದವೆಂದು ಬದಿಗಿಟ್ಟಿದ್ದರೆ ಕೇಳುವವರಿರಲಿಲ್ಲ. ಹರ್ಷೆಲ್ ಮುಚ್ಚಿಡಲಿಲ್ಲ. 1791ರ ಪ್ರಬಂಧದಲ್ಲಿ ತಾನು ಹಿಂದೆ ಬರೆದುದನ್ನು ತಾನೇ ಕಳಚಿಹಾಕಿದ. ನಮ್ಮ ಮಟ್ಟಿಗೆ ಯುರೇನಸ್ಸಿಗಿಂತ ಈ ಪ್ರಬಂಧವೇ ಆತನ ದೊಡ್ಡ ಕೆಲಸ.

ಆದರೆ ಹಳೆಯ ವಾದದೊಡನೆ ಮುಪ್ಪಿನ ಊಹೆಯೂ ಹೋಯಿತು. ಹೊಳೆಯುವ ದ್ರವ್ಯ ಮೆಲ್ಲಮೆಲ್ಲನೆ ನಡುವಿಗೆ ಹೆಪ್ಪುಗಟ್ಟಿ ನಕ್ಷತ್ರವಾಗುತ್ತದೆ, ಇದು ನಕ್ಷತ್ರದ ಹುಟ್ಟು ಎಂದು ಆತ ಮುಂದಿನ ವರ್ಷಗಳಲ್ಲಿ ಬರೆದ. ದ್ರವ್ಯದ ವಿಚಾರದಲ್ಲಿ ಸರಿ; ವಯಸ್ಸಿನ ವಿಚಾರದಲ್ಲಿ ತಲೆಕೆಳಗು. ಸೂರ್ಯನಲ್ಲಿಯೂ ಜೀವಿಗಳಿರಬಹುದೆಂದು ನಂಬಿದ್ದ ಮನುಷ್ಯನಾತ, ಊಹೆಗಳೆಲ್ಲ ಸರಿಯಿರಬೇಕೆಂದಿಲ್ಲ.

ಈ ನಡುವೆ ಮನೆಯಲ್ಲಿಯೂ ಬದಲಾವಣೆಯಾಗಿತ್ತು. 1788ರಲ್ಲಿ ಹರ್ಷೆಲ್ ನೆರೆಯ ವಿಧವೆ ಮೇರಿ ಪಿಟ್‌ಳನ್ನು ಮದುವೆಯಾದ; 1792ರಲ್ಲಿ ಮಗ ಜಾನ್ ಹುಟ್ಟಿದ. ಹದಿನಾರು ವರ್ಷ ಮನೆ ನಡೆಸಿದ್ದ ಕಾರೊಲಿನ್ ಬೇರೆ ಬಿಡಾರಕ್ಕೆ ಹೋದಳು. ಅಲ್ಲಿಂದ ಹತ್ತು ವರ್ಷಗಳ ದಿನಚರಿಯನ್ನು ಆಕೆ ಮುಂದೆ ನಾಶಮಾಡಿದಳು. ಅತ್ತಿಗೆ ನಾದಿನಿಯರ ನಡುವೆ ಏನು ನಡೆಯಿತೆಂದು ಊಹಿಸುವುದು ಬೇಡ. ಕೊನೆಗಾಲದಲ್ಲಿ ಇಬ್ಬರ ಕಾಗದಗಳಲ್ಲಿಯೂ ಅಕ್ಕರೆಯೇ ಇದೆ. ರಾತ್ರಿಯ ಕೆಲಸಕ್ಕೆ ಮಾತ್ರ ಆಕೆ ಎಂದೂ ತಪ್ಪಿಸಿಕೊಳ್ಳಲಿಲ್ಲ.

ಜೋಡಿ ನಕ್ಷತ್ರಗಳ ಹಳೆಯ ಲೆಕ್ಕಪತ್ರಕ್ಕೆ ಹರ್ಷೆಲ್ ಮರಳಿದ್ದು ಇಪ್ಪತ್ತು ವರ್ಷಗಳ ಮೇಲೆ. ನಮ್ಮ ಪಂಚಾಂಗದವರು ಪುನರ್ವಸು ಎನ್ನುವ ಎರಡು ನಕ್ಷತ್ರಗಳಲ್ಲಿ ಒಂದಾದ ಕ್ಯಾಸ್ಟರ್ ದೂರದರ್ಶಕದಲ್ಲಿ ಎರಡಾಗಿ ಕಾಣುತ್ತದೆ. ಆ ಎರಡರ ಪರಸ್ಪರ ದಿಕ್ಕು ಇಷ್ಟು ವರ್ಷಗಳಲ್ಲಿ ಒಂದೇ ಕಡೆಗೆ ತಿರುಗುತ್ತ ಬಂದಿತ್ತು. ಭೂಮಿಯ ಚಲನೆಯಿಂದಾಗುವ ವಾರ್ಷಿಕ ಓಲಾಟ ಅದಲ್ಲ. ಒಂದನ್ನೊಂದು ಸುತ್ತುವ ಚಲನೆ. 1802ರಲ್ಲಿ ಇಂಥವಕ್ಕೆ ಯಮಳ ತಾರೆ ಎಂಬರ್ಥದ ಹೆಸರು ಕೊಟ್ಟು, 1803ರಲ್ಲಿ ಆರು ಜೋಡಿಗಳ ಅಳತೆಗಳನ್ನು ಪ್ರಕಟಿಸಿದ. ಸೂರ್ಯಮಂಡಲದಾಚೆಗೂ ವಸ್ತುಗಳು ಪರಸ್ಪರ ಬಂಧಿತವಾಗಿ ಸುತ್ತುತ್ತವೆಂಬುದಕ್ಕೆ ಇದೇ ಮೊದಲ ಸಾಕ್ಷಿ. ದೂರ ಅಳೆಯಲು ಹೊರಟವನಿಗೆ ದೂರ ಸಿಗಲಿಲ್ಲ. ಮ್ಯಾನ್‌ಹೈಮಿನ ಗುರುಗಳು ಊಹಿಸಿದ ಸಂಗಾತಿಗಳು ಸಿಕ್ಕವು.

ಹರ್ಷೆಲ್ 1822ರ ಆಗಸ್ಟ್ 25ರಂದು, ಎಂಬತ್ತಮೂರನೆಯ ವಯಸ್ಸಿನಲ್ಲಿ ಸ್ಲೌನಲ್ಲಿ ತೀರಿಕೊಂಡ. ಅಪ್ಟನ್‌ನ ಸಂತ ಲಾರೆನ್ಸರ ದೇವಾಲಯದಲ್ಲಿ ಸಮಾಧಿಯಿದೆ. ಕಾರೊಲಿನ್ ಹ್ಯಾನೋವರಿಗೆ ಮರಳಿದಳು. ಎಪ್ಪತ್ತು ದಾಟಿದ ಆಕೆ ಅಲ್ಲಿ ಕುಳಿತು, ಅಣ್ಣನ 2,500 ನೀಹಾರಿಕೆಗಳನ್ನೆಲ್ಲ ಆಕಾಶದ ವಲಯಗಳಿಗನುಸಾರ ಹೊಸದಾಗಿ ಅಣಿಗೊಳಿಸಿ ಬರೆದು, ಸೋದರಳಿಯ ಜಾನ್‌ಗೆ ಕಳುಹಿಸಿದಳು. ಆ ಹಸ್ತಪ್ರತಿಯಿಲ್ಲದೆ ಜಾನ್ ಅವುಗಳನ್ನು ಮತ್ತೆ ಗುರುತಿಸುವುದು ಬಹುಕಷ್ಟವಾಗುತ್ತಿತ್ತು. 1828ರಲ್ಲಿ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಆಕೆಗೆ ಚಿನ್ನದ ಪದಕವಿತ್ತಿತು. 1848ರಲ್ಲಿ ತೀರಿಕೊಂಡಾಗ ಆಕೆಗೆ ತೊಂಬತ್ತೇಳು. ಜಾನ್‌ನ ಪಟ್ಟಿಯನ್ನು ಬೆಳೆಸಿ ಡ್ರೇಯರ್ ಎಂಬಾತ 1888ರಲ್ಲಿ ಹೊರತಂದ ಮಹಾಸೂಚಿಯ ಸಂಖ್ಯೆಗಳನ್ನೇ ಖಗೋಳಜ್ಞರು ಇಂದಿಗೂ ಬಳಸುತ್ತಾರೆ. 1790ರ ನವೆಂಬರಿನಲ್ಲಿ ಕಂಡ ನೀಹಾರಿಕೆಗೆ ಅದರಲ್ಲಿ 1514ನೆಯ ಸಂಖ್ಯೆ.

ಹರ್ಷೆಲ್‌ನ ತರ್ಕಕ್ಕೆ ಪುರಾವೆ ದೊರೆತುದು 1864ರ ಆಗಸ್ಟ್ 29ರಂದು. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವ ವಿದ್ಯೆ ಆಗ ಹೊಸತು. ರೋಮಿನಲ್ಲಿ ಯೇಸುಸಭೆಯ ವಂದನೀಯ ಆಂಜೆಲೊ ಸೆಕ್ಕಿ ಅವರು ಅದೇ ವಿದ್ಯೆಯಿಂದ ನಕ್ಷತ್ರಗಳನ್ನು ವರ್ಗೀಕರಿಸುತ್ತಿದ್ದ ದಿನಗಳವು. ಲಂಡನ್ನಿನ ವಿಲಿಯಂ ಹಗಿನ್ಸ್ ಹರ್ಷೆಲ್ 1786ರಲ್ಲಿ ಕಂಡಿದ್ದ ಒಂದು ಗ್ರಹರೂಪಿ ನೀಹಾರಿಕೆಯ ಬೆಳಕನ್ನು ಬಿಡಿಸಿದಾಗ, ನಕ್ಷತ್ರದಂತೆ ಕಾಮನಬಿಲ್ಲಿನ ಪಟ್ಟಿ ಕಾಣಲಿಲ್ಲ. ಬಿಡಿಯಾದ ಕೆಲವು ಹೊಳೆವ ಗೆರೆಗಳಷ್ಟೇ ಕಂಡವು. ಹಾಗೆ ಬೆಳಗುವುದು ಅನಿಲ ಮಾತ್ರ. ವಯಸ್ಸಿನ ಗೊಂದಲ ನೀಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. 1956ರಲ್ಲಿ ರಷ್ಯದ ಶ್ಕ್ಲೋವ್‌ಸ್ಕಿ ತೋರಿಸಿದಂತೆ, ಸೂರ್ಯನಂಥ ನಕ್ಷತ್ರವು ಮುಪ್ಪಿನಲ್ಲಿ ಕೆಂಪು ದೈತ್ಯವಾಗಿ ಉಬ್ಬಿ, ಹೊರಪದರಗಳನ್ನು ಕಳಚಿಬಿಡುತ್ತದೆ. ಒಳಗಿನ ಕಾದ ತಿರುಳು ಹೊರಬಿದ್ದು, ಅದರ ಅತಿನೇರಳೆ ಕಿರಣಗಳು ಆ ಅನಿಲವನ್ನು ಬೆಳಗಿಸುತ್ತವೆ. ಹತ್ತಾರು ಸಾವಿರ ವರ್ಷಗಳಲ್ಲಿ ಅನಿಲ ಚದುರಿ ಕಣ್ಮರೆಯಾಗುತ್ತದೆ. 1789ರಲ್ಲಿ ಹರ್ಷೆಲ್ ಆಡಿ ಬಿಟ್ಟ ಮುಪ್ಪಿನ ಮಾತು ಬೇರೆ ಕಾರಣದಿಂದ ನಿಜವಾಗಿತ್ತು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಒಂಟಿ ನಕ್ಷತ್ರ ಕಳಚಿದ ಪದರ ಎಲ್ಲ ದಿಕ್ಕಿಗೂ ಸಮನಾಗಿ ಹರಡಿ ದುಂಡಗಿರಬೇಕು. ಆದರೆ ಛಾಯಾಚಿತ್ರಗಳಲ್ಲಿ ಬಹುಪಾಲು ಗ್ರಹರೂಪಿ ನೀಹಾರಿಕೆಗಳು ದುಂಡಗಿಲ್ಲ. ಕೆಲವು ಡಮರುಗದಂತೆ, ಕೆಲವು ಚಿಟ್ಟೆಯ ರೆಕ್ಕೆಗಳಂತೆ, ಕೆಲವು ಎರಡು ತುದಿಗೆ ಚಿಮ್ಮುವ ಕಾರಂಜಿಯಂತೆ. ಈ ಒಗಟಿಗೆ ಉತ್ತರ ಹರ್ಷೆಲ್‌ನ ಇನ್ನೊಂದು ಪಟ್ಟಿಯಲ್ಲಿತ್ತು, ಅಂದರೆ ಜೋಡಿ ನಕ್ಷತ್ರಗಳಲ್ಲಿ. ಆದರೆ ಆತ ಕಂಡಂಥ ವಿಶಾಲ ಜೋಡಿಗಳಲ್ಲ. ಯಾವ ದೂರದರ್ಶಕದಲ್ಲಿಯೂ ಎರಡಾಗಿ ಕಾಣದಷ್ಟು ಒತ್ತಾದ ಜೋಡಿಗಳು. ಪೋಲೆಂಡಿನ ಬೋಹ್ದಾನ್ ಪಚಿನ್ಸ್ಕಿ 1976ರಲ್ಲಿ ಇದನ್ನು ವಿವರಿಸಿದ. ಸಂಗಾತಿಗಳಲ್ಲಿ ಒಂದು ಉಬ್ಬಿ ದೈತ್ಯವಾದಾಗ ಮತ್ತೊಂದು ಅದರ ಒಡಲೊಳಗೇ ಸಿಕ್ಕಿಕೊಳ್ಳುತ್ತದೆ. ಮೊಸರಿನ ಮಡಕೆಯಲ್ಲಿ ಕಡಗೋಲು ತಿರುಗಿದಂತೆ ಅದು ಆ ಅನಿಲದಲ್ಲಿ ಸುತ್ತುತ್ತ, ಘರ್ಷಣೆಯಿಂದ ವೇಗದ ಶಕ್ತಿಯನ್ನು ಕಳೆದುಕೊಂಡು, ದೈತ್ಯನ ತಿರುಳಿನತ್ತ ಸುರುಳಿಯಾಗಿ ಇಳಿಯುತ್ತದೆ. ಕಳೆದುಕೊಂಡ ಶಕ್ತಿ ಹೊದಿಕೆಯನ್ನು ಎತ್ತಿ ಎಸೆಯುತ್ತದೆ. ಎಸೆದ ಅನಿಲ ಕಡಗೋಲು ತಿರುಗಿದ ಸಮತಲದಲ್ಲಿಯೇ ದಟ್ಟವಾಗಿ ನಡುಪಟ್ಟಿಯಂತೆ ಉಳಿಯುತ್ತದೆ. ಬಳಿಕ ಕಾದ ತಿರುಳಿನಿಂದ ಹೊರಡುವ ವೇಗದ ಗಾಳಿ ಆ ಪಟ್ಟಿಯನ್ನು ಭೇದಿಸಲಾರದೆ ಮೇಲಕ್ಕೂ ಕೆಳಕ್ಕೂ ನುಗ್ಗುತ್ತದೆ. ಡಮರುಗ ಮೂಡುವುದು ಹೀಗೆ. ಅದೇ ವರ್ಷ ಏಬಲ್ 63 ಎಂಬ ನೀಹಾರಿಕೆಯ ನಡುವೆ, ಸುಮಾರು ಹನ್ನೊಂದು ಗಂಟೆಗೊಮ್ಮೆ ಒಂದನ್ನೊಂದು ಸುತ್ತಿ ಮರೆಮಾಡುವ ಜೋಡಿಯಿರುವುದು ಗೊತ್ತಾಯಿತು. ಗ್ರಹರೂಪಿ ನೀಹಾರಿಕೆಗಳಲ್ಲಿ ಸುಮಾರು ಐದರಲ್ಲೊಂದರ ನಡುವೆ ಇಂಥ ಒತ್ತಾದ ಜೋಡಿಯಿದೆಯೆಂಬುದು ಈಗಿನ ಅಂದಾಜು. ಎಂಟು ನೀಹಾರಿಕೆಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಟರಲ್ಲಿಯೂ ನೀಹಾರಿಕೆಯ ಅಕ್ಷವು ಜೋಡಿ ಸುತ್ತುವ ಸಮತಲಕ್ಕೆ ಲಂಬವಾಗಿತ್ತು. ಕಾಕತಾಳೀಯವೆನ್ನಲು ಎಡೆಯೇ ಇಲ್ಲ.

ಹರ್ಷೆಲ್ ಕಂಡ ನೀಹಾರಿಕೆಗಳಲ್ಲಿಯೂ ಇವು ಅಡಗಿದ್ದವು. 2346ನೆಯ ಸಂಖ್ಯೆಯ ಚಿಟ್ಟೆಯಾಕಾರದ ನೀಹಾರಿಕೆಯ ನಡುವಿನ ಜೋಡಿಗೆ ಒಂದು ಸುತ್ತಿಗೆ ಹದಿನಾರು ದಿನ. ಕ್ಯಾಸ್ಟರ್ ಇರುವ ಮಿಥುನರಾಶಿಯಲ್ಲೇ 1787ರಲ್ಲಿ ಆತ ಕಂಡ 2392ನೆಯದರ ಜೋಡಿಗೆ ಎರಡು ದಿನವೂ ಬೇಡ. ಅದು ಗೊತ್ತಾದುದು 2019ರಲ್ಲಿ. 1788ರಲ್ಲಿ ಆತ ದಾಖಲಿಸಿದ 40ನೆಯ ನೀಹಾರಿಕೆಯ ಸುತ್ತ ಅತಿನೇರಳೆ ಬೆಳಕಿನ ವಿಶಾಲ ಪರಿವೇಷವಿರುವುದನ್ನು, ಬೆಂಗಳೂರಿನ ಖಭೌತ ಸಂಸ್ಥೆಯ ಮುಂದಾಳುತನದಲ್ಲಿ ಸಿದ್ಧವಾಗಿ 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದೊಡನೆ ಏರಿದ ದೂರದರ್ಶಕ ತೋರಿಸಿಕೊಟ್ಟಿತು. ಆ ವರದಿ 2018ರಲ್ಲಿ ಬಂದಿತು.

1514ನೆಯದರ ಕಥೆ ಎಲ್ಲಕ್ಕಿಂತ ವಿಚಿತ್ರ. ಅದರ ನಡುವಿನ ನಕ್ಷತ್ರದ ಉಷ್ಣತೆ ಸುಮಾರು 10,000 ಡಿಗ್ರಿ. ಅನಿಲವನ್ನು ಹಾಗೆ ಬೆಳಗಿಸಲು ಅದು ಏನೇನೂ ಸಾಲದು. ಇನ್ನೊಂದು ಇರಲೇಬೇಕೆಂದು ಖಗೋಳಜ್ಞರು 1970ರ ದಶಕದಲ್ಲಿಯೇ ಅರಿತಿದ್ದರು. ವರ್ಷಗಟ್ಟಲೆ ಕಾದು ಅಳೆದ ಫಲವಾಗಿ 2017ರಲ್ಲಿ ಆ ಜೋಡಿಯ ಪಥ ನಿಶ್ಚಯವಾಯಿತು: ಒಂದು ಸುತ್ತಿಗೆ 3,306 ದಿನ, ಅಂದರೆ ಒಂಬತ್ತು ವರ್ಷ. ಒತ್ತಾದ ಜೋಡಿಗಳ ಸಾಲಿಗೆ ಇದು ಸೇರದು. ಒಂದು ಇನ್ನೊಂದರ ಒಡಲಲ್ಲಿ ಮುಳುಗದೆ, ಪಕ್ಕದಿಂದಲೇ ಅದರ ಹೊದಿಕೆಯನ್ನು ಎಳೆದು ತಿದ್ದಿದ ಜೋಡಿ. 1790ರ ಆ ರಾತ್ರಿ ಹರ್ಷೆಲ್ ಕಂಡು ತರ್ಕಿಸಿದ ನಕ್ಷತ್ರ ನೀಹಾರಿಕೆಯನ್ನು ಹೆತ್ತದ್ದೇ ಅಲ್ಲ, ಅದರ ಸಂಗಾತಿ. ಹೆತ್ತದ್ದು ಆ ಬೆಳಕಿನ ಮರೆಯಲ್ಲಿರುವ ಸಣ್ಣ, ಬಹು ಬಿಸಿಯಾದ ತಿರುಳು. ಬಾನಿನಲ್ಲಿ 848 ಜೋಡಿಗಳನ್ನು ಬಿಡಿಸಿ ಪಟ್ಟಿಮಾಡಿದವನ ಕಣ್ಣಿಗೆ ಈ ಜೋಡಿ ಒಂದಾಗಿಯೇ ಕಂಡಿತ್ತು.

2025ರ ಏಪ್ರಿಲ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಈ ನೀಹಾರಿಕೆಯ ಚಿತ್ರಗಳು ಪ್ರಕಟವಾದವು. ಸುಮಾರು 1,500 ಜ್ಯೋತಿರ್ವರ್ಷ ದೂರದಲ್ಲಿ, ಕನಿಷ್ಠ ನಾಲ್ಕು ಸಾವಿರ ವರ್ಷಗಳಿಂದ ರೂಪುಗೊಳ್ಳುತ್ತಿರುವ ಮೋಡ. ಅದರ ಸುತ್ತ ಧೂಳಿನ ಎರಡು ಉಂಗುರಗಳು, 2010ರವರೆಗೆ ಯಾರೂ ಕಂಡಿರದಿದ್ದವು. ನಡುವಿನ ಎರಡು ನಕ್ಷತ್ರಗಳು ಆ ಚಿತ್ರದಲ್ಲಿಯೂ ಒಂದೇ ಚುಕ್ಕೆಯಾಗಿ ಹೊಳೆಯುತ್ತಿವೆ.